ಮೂರು ಸಲ ಕೂಗಿದ ಹೆಸರು

ಮೊನ್ನೆ ಕೆ. ಹೊಸಕೋಟೆಯಿಂದ ಆಲೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಮಂಡಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಆ ವಾಸನೆಗೆ ನಮ್ಮ ಕಾಲೇಜಿನ ಫುಟ್‌ಬಾಲ್ ಕೋಚ್ ನೆನಪಾದರು...

ತೊಂಬತ್ತರ ದಶಕದ ಮೊದಲ ವರ್ಷಗಳು. ಹಾಫ್‌ಟೈಮಿನಲ್ಲಿ ಅವರು ನೆಲದ ಮೇಲೆ ಕೂತು, ನಮ್ಮ ಕೆಸರುಗಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದರು. ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದ ನಮ್ಮ ಫಾರ್ವರ್ಡ್ ನಾಚಿಕೊಂಡು ಕಾಲು ಹಿಂದಕ್ಕೆಳೆದರೆ, "ಕೊಡೋ ಇಲ್ಲಿ, ಸೆಕೆಂಡ್ ಹಾಫ್ ನಾನು ಓಡ್ಲೇನೋ?" ಎಂದು ಗದರುತ್ತಿದ್ದರು. ನಾನು ಗೋಲ್‌ಕೀಪರ್. ಹೆಚ್ಚು ಓಡದ ನನ್ನ ಕಾಲಿಗೂ ಅಷ್ಟೇ ಎಣ್ಣೆ ಬೀಳುತ್ತಿತ್ತು.

ಆಮೇಲೆ ಮೈದಾನದಲ್ಲಿ ಕಟ್ಟಡ ಎದ್ದಿತು, ತಂಡ ಮುಗಿಯಿತು. ಕೋಚ್ ನಲವತ್ತರ ಹೊಸ್ತಿಲಲ್ಲಿ ದಿನಾ ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿ ಕಾನೂನು ಓದಿದರು. ಆಲೂರಿನ ಕೋರ್ಟಿನಲ್ಲಿ ಕರಿ ಕೋಟು ಹಾಕಿದರು. ಅವರನ್ನು ಹುಡುಕಿಕೊಂಡು ಬರುತ್ತಿದ್ದವರೆಲ್ಲ ಬರಿಗೈಯವರು.

ಅಷ್ಟರಲ್ಲಿ ನಾನು ಒಂದು ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಫಾರ್ವರ್ಡ್ ಅಪ್ಪನ ಜೊತೆ ಅಲ್ಲೇ ಕೂಲಿಗೆ ಬರುತ್ತಿದ್ದ. ಅಪ್ಪ ಸತ್ತದ್ದೇ ತಡ, ಮಗ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಎಸ್ಟೇಟಿನ ಸಾಹುಕಾರರು ಲೈನ್ ಮನೆ ಖಾಲಿ ಮಾಡಲು ಹೇಳಿದರು. ಆರು ವರ್ಷ ಅವನ ಹಾಜರಿ ಹಾಕಿದವನು ನಾನೇ. ಕೇಸು ಹಿಡಿದ ಕೋಚ್ ಸಾಕ್ಷಿ ಹೇಳಲು ನನ್ನನ್ನು ಕರೆದರು. ಒಪ್ಪಿಕೊಂಡೆ.

ಹಿಂದಿನ ದಿನ ಸಾಹುಕಾರರು ಸ್ಟೋರಿನ ಬಾಗಿಲಿಗೆ ಬಂದು ನಿಂತರು. "ನಾಳೆ ಕೋರ್ಟಿಗಂತೆ? ಹೋಗ್ಬಾ ಮಾರಾಯ. ನಾಳಿದ್ದಿಂದ ಇಲ್ಲಿ ಕೆಲ್ಸ ಇರಲ್ಲ, ಅಷ್ಟೆಯ."

ಆದರೂ ಆಲೂರಿಗೆ ಹೋದೆ. ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯ ಮರೆಯಲ್ಲಿ ನಿಂತೆ. ಅಟೆಂಡರ್ ಬಾಗಿಲಿಗೆ ಬಂದು ನನ್ನ ಹೆಸರನ್ನು ಮೂರು ಸಲ ಕೂಗಿದ. ನಾನು ಒಳಗೆ ಹೋಗಲಿಲ್ಲ. ಹೆಂಡತಿ, ಮಕ್ಕಳು ಎಂದು ನೆಪ ಹೇಳಬಹುದು. ಹೆದರಿದ್ದೆ, ಅಷ್ಟೇ.

ಹೊರಗೆ ಬಂದ ಕೋಚ್ ನನ್ನನ್ನು ನೋಡಿಬಿಟ್ಟರು. ರಸ್ತೆ ದಾಟಿ ಬಂದು, "ಬಸ್ ತಡ ಆಗೋಯ್ತೇನೋ?" ಎಂದರು.

"ಹೂಂ ಸಾರ್" ಎಂದೆ.

ಕೇಸು ಬಿದ್ದುಹೋಯಿತು. ಫಾರ್ವರ್ಡ್ ಪಾತ್ರೆ ಪಡಗ ಹೊತ್ತು ಸಂಸಾರ ಸಮೇತ ಹೆಗ್ಗದ್ದೆ ಕಡೆ ಹೋದ. ಈಗ ಎಲ್ಲಿದ್ದಾನೋ... ಕೋಚ್ ಮತ್ತೆ ವಾದಕ್ಕೆ ನಿಲ್ಲಲಿಲ್ಲ. ಅರ್ಜಿ, ಅಫಿಡವಿಟ್ ಬರೆದುಕೊಡುತ್ತಲೇ ಮುದುಕರಾದರು. ಅವರು ತೀರಿಕೊಂಡಾಗಲೂ ನಾನು ಆ ಕಡೆ ಮುಖ ಹಾಕಲಿಲ್ಲ.

ಮೊನ್ನೆ ಬಸ್ಸಿಳಿದವನು ಅವರ ಮನೆಗೆ ಹೋದೆ. ಅವರ ಹೆಂಡತಿ ಗುರುತು ಹಿಡಿದರು.

"ನೀವು ಗೋಲ್‌ಕೀಪರ್ ಅಲ್ವ? ಅವತ್ತು ಬಸ್ ತಡ ಆಗಿದ್ದೋರು. ಜಡ್ಜ್ ಹತ್ರ ಇನ್ನರ್ಧ ಗಂಟೆ ಕೇಳ್ಬೇಕಿತ್ತು, ಹುಡುಗ ಬಂದೇ ಬಿಟ್ಟಿದ್ದ, ನನ್ನಿಂದ್ಲೇ ಆ ಮನೆ ಹೋಯ್ತು ಅಂತ ಸಾಯೋಗಂಟ ಕೊರಗಿದ್ರು ಕಣ್ರೀ."

ನನ್ನ ಸುಳ್ಳು ಗೊತ್ತಿದ್ದೂ ಕ್ಷಮಿಸಿದರು ಎಂದುಕೊಂಡು ಇಷ್ಟು ವರ್ಷ ಬದುಕಿದ್ದೆ. ಅವರು ನನ್ನ ಮಾತು ನಂಬಿದ್ದರು.

ಆಕೆ ಕಾಫಿ ತಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.