ಕೆಂಪಣ್ಣನ ಪಕ್ಕೆಯ ಕಟ್ಟು

ಕೂಡಿಗೆಯ ಬಯಲಿನಲ್ಲಿ ಕೆಂಪಣ್ಣನ ಗಂಟಲು ಗೊತ್ತಿಲ್ಲದವರು ಇರಲಿಲ್ಲ. ಸಂಜೆ ಹೊಳೆದಂಡೆಯಲ್ಲಿ ನಿಂತು "ಬೋರಾ" ಎಂದು ಒಂದು ಕೂಗು ಹಾಕಿದರೆ, ದೂರದಲ್ಲಿ ಮೇಯುತ್ತಿದ್ದ ಅವನ ಎತ್ತು ತಲೆಯೆತ್ತುತ್ತಿತ್ತು. ಆಚೆ ದಡದ ಗದ್ದೆಯವರೂ ಹೊತ್ತಾಯಿತೆಂದು ಕೈ ತೊಳೆದುಕೊಳ್ಳುತ್ತಿದ್ದರು. ಆಚೆ ದಡ ಅಂದರೆ ಆಗ ಬೇರೆ ರಾಜ್ಯ. ಕೊಡಗು ತನ್ನ ಪಾಡಿಗೆ ತಾನೊಂದು ರಾಜ್ಯವಾಗಿದ್ದ ಕಾಲ. ಕಾವೇರಿ ದಾಟಿದರೆ ಮೈಸೂರು. ನಮ್ಮನೆಯವರು ಎರಡು ರಾಜ್ಯಕ್ಕೂ ಗಡಿಯಾರ ಎಂದು ಅವನ ಹೆಂಡತಿ ವನಜಮ್ಮ ನಗಾಡುತ್ತಿದ್ದಳು.

ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಬೇರು ಬಿಟ್ಟ ಮನೆ ಅದು. ಅಪ್ಪ ಬಿಟ್ಟುಹೋದದ್ದು ಒಂದು ತುಂಡು ಗದ್ದೆ ಮತ್ತು ಮೂಳೆ ಕಟ್ಟುವ ವಿದ್ಯೆ. ಕೈಯೋ ಕಾಲೋ ಮುರಿದವರು ಎಲೆ ಅಡಿಕೆ, ತೆಂಗಿನಕಾಯಿ ಮುಂದಿಟ್ಟರೆ ಸಾಕು. ಕೆಂಪಣ್ಣ ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು, ಹಳೇ ಸೀರೆಯ ಪಟ್ಟಿ ಸುತ್ತಿ ಬಿಗಿಯುತ್ತಿದ್ದ. ಅದಕ್ಕೊಂದು ಕಟ್ಟಳೆ ಇತ್ತು. ಕಟ್ಟಿದ ಕೈಯೇ ಬಿಚ್ಚಬೇಕು, ಅದೂ ಹುಣ್ಣಿಮೆ ಕಳೆದ ಮೇಲೆ. ಬೇರೆ ಕೈ ತಗುಲಿದರೆ ಮೂಳೆ ಕೂಡುವುದಿಲ್ಲ. ತನ್ನ ಮಗಳ ಧಾರೆ ಮುಗಿದದ್ದೇ ತಡ, ಊಟಕ್ಕೂ ಕೂರದೆ ಯಾರದೋ ಮೊಣಕೈ ಕಟ್ಟು ಬಿಚ್ಚಲು ಹೋದ ಮನುಷ್ಯ ಅವನು.

ಅಂಥವನಿಗೇ ಆಯಿತು ನೋಡಿ. ಸುಗ್ಗಿಯಲ್ಲಿ ಹುಲ್ಲಿನ ಗಾಡಿ ಅಂಗಳಕ್ಕೆ ತಂದು ಎತ್ತು ಕಳಚುತ್ತಿದ್ದ. ರಸ್ತೆಯಲ್ಲಿ ಮರ ಸಾಗಿಸುವ ಲಾರಿ ಹಾರನ್ ಹೊಡೆಯಿತು. ಬೋರ ಬೆದರಿ ಪಕ್ಕಕ್ಕೆ ಎಗರಿತು, ಗಾಡಿಯ ಉದ್ದನೆಯ ಮೂಕಿಮರ ತಿರುಗಿ ಕೆಂಪಣ್ಣನನ್ನು ಕೊಟ್ಟಿಗೆಯ ಕಂಬಕ್ಕೆ ಒತ್ತಿತು. ಒಳಗಿದ್ದ ವನಜಮ್ಮನಿಗೆ ಒಣ ಪುಳ್ಳೆ ಮುರಿದಂಥ ಸದ್ದು ಕೇಳಿಸಿತು.

ಬಲ ಪಕ್ಕೆಯನ್ನು ತಾನೇ ಒತ್ತಿ ನೋಡಿಕೊಂಡು, ಎರಡು ಹೋಗಿವೆ ಎಂದ. ಆಸ್ಪತ್ರೆಯ ಮಾತು ಎತ್ತಿದವರನ್ನು ದುರುಗುಟ್ಟಿದ. ಊರಿನ ಮೂಳೆ ಕಟ್ಟುವವನ ಮೂಳೆ ಕಟ್ಟಲು ಇನ್ನೊಬ್ಬರಿಲ್ಲವಲ್ಲ; ವನಜಮ್ಮನನ್ನೇ ಕರೆದು ಹೇಳಿಕೊಟ್ಟು ಕಟ್ಟಿಸಿಕೊಂಡ. ಬಿಗಿ, ಇನ್ನೂ ಬಿಗಿ, ರೊಟ್ಟಿ ತಟ್ಟಿದ ಹಾಗಲ್ಲ ಎಂದು ಆ ನೋವಿನಲ್ಲೂ ಚುಡಾಯಿಸಿದ. ಅವಳು ಮಂಡಿ ಊರಿ, ಉಸಿರು ಹಿಡಿದು ಜಗ್ಗಿ ಗಂಟು ಹಾಕಿದಳು.

ಮೊದಲು ಹಾಯೆನಿಸಿತು. ಎದೆ ಅಲ್ಲಾಡದಿದ್ದರೆ ನೋವಿಲ್ಲ. ಕೆಮ್ಮು ಬಂದರೆ ಹಲ್ಲು ಕಚ್ಚಿ ನುಂಗಿಕೊಳ್ಳುತ್ತಿದ್ದ. ಗೋಡೆಗೆ ಒರಗಿ, ಗೊಂಬೆಯ ಹಾಗೆ ಕೂತಿರುತ್ತಿದ್ದ. ಎತ್ತು ಮಾರಿಬಿಡು ಎಂದ ನೆಂಟರಿಗೆ, ಹಾರನ್ ಹೊಡೆದದ್ದು ಬೋರನಾ ಎಂದು ಕೇಳಿದ. ಆದರೆ ಆ ಮಾತು ತುಂಡು ತುಂಡಾಗಿ ಹೊರಬಿತ್ತು. ನಡುನಡುವೆ ಅವನು ಗಾಳಿಗೆ ಬಾಯಿ ತೆರೆಯುವುದನ್ನು ವನಜಮ್ಮ ನೋಡಿದಳು. ಬರುಬರುತ್ತಾ ಮೈ ಕಾದ ಹಂಚಾಯಿತು. ಎರಡು ರಾಜ್ಯಕ್ಕೆ ಕೇಳಿಸುತ್ತಿದ್ದ ಗಂಟಲು ಪಕ್ಕದಲ್ಲಿ ಕೂತವಳಿಗೂ ಕೇಳಿಸದಾಯಿತು. ಹುಣ್ಣಿಮೆ ಇನ್ನೂ ದೂರವಿತ್ತು.

ಆ ಮಧ್ಯಾಹ್ನ ಪಕ್ಕದ ಮನೆಯ ದೊಡ್ಡಿ ಗಂಜಿ ತಂದಳು. ಹೊಸ್ತಿಲ ಹೊರಗೇ ನಿಂತಳು. ಎಸ್ಟೇಟಿನ ಮರದಿಂದ ಬಿದ್ದ ಅವಳ ಗಂಡ ಸಿದ್ದರಾಜುವಿನ ಎದೆಗೂ ಕೆಂಪಣ್ಣನೇ ಕಟ್ಟು ಹಾಕಿದ್ದ. ಸಿದ್ದರಾಜು ಉಳಿದಿರಲಿಲ್ಲ. ಜ್ವರ ಬಂದು ಹೋದ ಎಂದಿತ್ತು ಊರು. ಕೆಂಪಣ್ಣನೂ ಹಾಗೇ ನಂಬಿದ್ದ. ಅಲ್ಲಿಂದ ಈಚೆಗೆ ದೊಡ್ಡಿ ಈ ಮನೆಯ ಒಳಗೆ ಕಾಲಿಟ್ಟಿರಲಿಲ್ಲ.

ಅವಳು ಕೆಂಪಣ್ಣನ ಉಸಿರಿಗೆ ಕಿವಿಗೊಟ್ಟು ನಿಂತಳು. ಆಮೇಲೆ ಮೆಲ್ಲಗೆ ಅಂದಳು:

"ವನಜಕ್ಕ, ನಮ್ಮೋರೂ ಹಿಂಗೇ ಉಸಿರಾಡ್ತಿದ್ರು. ಬಿಸಿಲಲ್ಲಿ ನಾಯಿ ತೇಕೋ ಹಂಗೆ. ಬಿಚ್ಚಿ ಅಂತ ಕಣ್ಣಲ್ಲೇ ಕೇಳ್ತಿದ್ರು. ನಾನು ಇವರ ಹತ್ರ ಓಡಿ ಬಂದೆ. ಹುಣ್ಣಿಮೆ ಕಳೀಲಿ ಅಂದ್ರು."

ವನಜಮ್ಮ ಹೊಸ್ತಿಲಿಗೆ ಬಂದು ಗಂಜಿಯ ಪಾತ್ರೆ ತೆಗೆದುಕೊಂಡಳು. ಅವಳು ಅದನ್ನು ಕೆಳಗಿಟ್ಟಳು. ಕೊನೆ ಮನೆಯ ಯಮುನಳ ಹೆರಿಗೆಗೆ ಸರ್ಕಾರಿ ನರ್ಸಮ್ಮ ಬಂದಿದ್ದಾರೆ, ಕರೀಲಾ ಎಂದು ದೊಡ್ಡಿ ಕೇಳಿದಳು. ವನಜಮ್ಮ ತಲೆಯಾಡಿಸಿದಳು.

ನರ್ಸು ಸುಲೋಚನಮ್ಮ ಕೆಂಪಣ್ಣನ ಬೆನ್ನಿಗೆ ಕಿವಿ ಇಟ್ಟು ಕೇಳಿದರು. ಬಲಗಡೆ ಕೆಳಗೆ ಗಾಳಿಯೇ ಹೋಗುತ್ತಿಲ್ಲ, ಕಫ ಕೂತು ಕೆಡುತ್ತಿದೆ, ಜ್ವರ ಅದರದ್ದೇ ಎಂದರು. ಕೈಕಾಲು ಮುರಿದರೆ ಅಲ್ಲಾಡಬಾರದು, ಸರಿ. ಪಕ್ಕೆಲುಬು ಹಾಗಲ್ಲ, ಉಸಿರಿದ್ದಷ್ಟು ಹೊತ್ತೂ ಅದು ಅಲ್ಲಾಡಬೇಕು, ಅಲ್ಲಾಡುತ್ತಲೇ ಕೂಡಬೇಕು ಎಂದು ಬಿಡಿಸಿ ಹೇಳಿದರು. ಡಾಕ್ಟರಿಗೆ ಹೇಳಿಕಳಿಸುತ್ತೇನೆ, ಕಟ್ಟು ಮಾತ್ರ ಈಗಲೇ ಬಿಚ್ಚಬೇಕು ಎಂದು ಗಂಟಿಗೆ ಕೈ ಹಾಕಿದರು. ಎಲ್ಲಿತ್ತೋ ಆ ಶಕ್ತಿ, ಕೆಂಪಣ್ಣ ಅವರ ಮಣಿಕಟ್ಟು ಹಿಡಿದುಬಿಟ್ಟ.

ಸುಲೋಚನಮ್ಮ ವನಜಮ್ಮನ ಮುಖ ನೋಡಿದರು. ದೊಡ್ಡಿಯೂ ನೋಡಿದಳು. ಬಿಚ್ಚಿದ ಮೇಲೆ ಜೀವ ಹೋದರೆ, ಗಂಡನ ಮಾತು ಮೀರಿ ಕೊಂದವಳು ಎಂದು ಊರು ಅನ್ನುತ್ತದೆ. ಬಿಚ್ಚದೆ ಕೂತರೇನಾಗುತ್ತದೆ ಎಂಬುದಕ್ಕೆ ದೊಡ್ಡಿ ಹೊಸ್ತಿಲಲ್ಲೇ ನಿಂತಿದ್ದಾಳೆ. ವನಜಮ್ಮ ಚಾಪೆಯ ಮೇಲೆ ಕೂತು ಗಂಟಿಗೆ ಬೆರಳಿಟ್ಟಳು. ಮುಟ್ಟಬೇಡ ಎಂದು ಅವನ ತುಟಿ ಅಲ್ಲಾಡಿತು.

"ಕಟ್ಟಿದ ಕೈಯೇ ಬಿಚ್ಚಬೇಕು ಅನ್ನೋದು ನಿಮ್ಮ ಕಟ್ಟಳೆ ತಾನೆ?" ಎಂದಳು ಅವಳು. "ಇದನ್ನ ಕಟ್ಟಿದ ಕೈ ಯಾವುದು, ಹೇಳಿ."

ಕೆಂಪಣ್ಣ ಅವಳನ್ನು ನೋಡಿದ. ನರ್ಸಮ್ಮನ ಕೈ ಬಿಟ್ಟ. ಕಣ್ಣು ಮುಚ್ಚಿಕೊಂಡ.

ಸುತ್ತು ಸುತ್ತಾಗಿ ಪಟ್ಟಿ ಬಿಚ್ಚಿಕೊಂಡಿತು, ಒಣಗಿದ ಹಿಟ್ಟು ಚಕ್ಕೆಯಾಗಿ ಉದುರಿತು. ಕೊನೆಯ ಸುತ್ತು ಸಡಿಲವಾದಾಗ ಎದೆ ತಾನಾಗಿ ಉಬ್ಬಿ, ನೋವು ಅವನನ್ನು ಬಿಲ್ಲಿನ ಹಾಗೆ ಬಗ್ಗಿಸಿತು. ಉಸಿರು ಅಲ್ಲೇ ನಿಂತಿತು. ಅಯ್ಯೋ, ಕೊಂದೆ ಎಂದುಕೊಂಡಳು ವನಜಮ್ಮ. ಸುಲೋಚನಮ್ಮ ದಿಂಬನ್ನು ಅವನ ಪಕ್ಕೆಗೆ ಒತ್ತಿ, ಇದನ್ನ ಗಟ್ಟಿಯಾಗಿ ಅಪ್ಪಿಕೊಂಡು ಕೆಮ್ಮಿ ಎಂದರು. ಅವನು ಆಗದು ಎಂದು ತಲೆಯಲ್ಲಾಡಿಸಿದ. ವನಜಮ್ಮ ಹಿಂದೆ ಕೂತು ಅವನನ್ನೂ ದಿಂಬನ್ನೂ ಸೇರಿಸಿ ಅಪ್ಪಿ ಹಿಡಿದಳು. ಒಂದು ಸಲ ಬರೀ ಗಾಳಿ. ಮತ್ತೊಂದು ಸಲಕ್ಕೆ ನರಳಿಕೆ. ಆಮೇಲೆ ಇಡೀ ಮೈ ಅದುರುವಂಥ ಕೆಮ್ಮು ಬಂತು, ಅದರ ಜೊತೆ ತುಕ್ಕಿನ ಬಣ್ಣದ ಗಟ್ಟಿ ಕಫ. ಹೊಸ್ತಿಲಲ್ಲಿದ್ದ ದೊಡ್ಡಿ ಒಳಗೆ ಬಂದು ತಟ್ಟೆ ಹಿಡಿದಳು.

ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಜ್ವರ ಇಳಿಯಿತು. ಆದರೂ ಗೆದ್ದ ಹಾಗೆ ಆಗಿರಲಿಲ್ಲ. ಎದ್ದು ಕೂರಬೇಕು, ಓಡಾಡಬೇಕು, ಹೊತ್ತು ಹೊತ್ತಿಗೆ ಎದೆ ತುಂಬ ಉಸಿರೆಳೆದು ಕೆಮ್ಮಬೇಕು. ನೋವಿಗೆ ಹೆದರಿ ಚಿಕ್ಕ ಉಸಿರು ತೆಗೆದುಕೊಂಡರೆ ಕಫ ಮತ್ತೆ ಕೂರುತ್ತದೆ ಎಂದಿದ್ದರು. ಕೆಂಪಣ್ಣ ಕಳ್ಳಾಟ ಆಡಿದ. ಆಗ ವನಜಮ್ಮ ಬೋರನನ್ನು ತಂದು ಕಿಟಕಿಯಾಚೆ ಕಟ್ಟಿದಳು. ಅದನ್ನು ಕೂಗಿ ತಿರುಗಿಸಿದರೆ ಊಟ ಎಂದಳು. ಮೊದಲ ದಿನದ ಕೂಗಿಗೆ ಎತ್ತು ಕಿವಿಯನ್ನೂ ಆಡಿಸಲಿಲ್ಲ. ಅವಳು ಬೈದುಕೊಂಡೇ ಬಡಿಸಿದಳು. ಆಮೇಲೊಂದು ದಿನ ಕಿವಿ ಆಡಿತು. ಅದು ಕತ್ತು ತಿರುಗಿಸುವ ಹೊತ್ತಿಗೆ ಬೇಸಿಗೆ ಮಳೆ ಬಿದ್ದಿತ್ತು.

ನಾಟಿಯ ಕಾಲದಲ್ಲಿ ಸಣ್ಣಸ್ವಾಮಿ ಎಂಬವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಅಟ್ಟದಿಂದ ಬಿದ್ದು ಪಕ್ಕೆ ಹಿಡಿದುಕೊಂಡಿದ್ದ. ಅವನ ಅಣ್ಣ ತೆಂಗಿನಕಾಯಿ ಇಟ್ಟ. ಕೆಂಪಣ್ಣ ಬೆರಳಾಡಿಸಿ ನೋಡಿದ, ದಬ್ಬೆ ಮುಟ್ಟಲಿಲ್ಲ. ಇದಕ್ಕೆ ಕಟ್ಟು ಹಾಕಬಾರದು, ಇಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಎಂದ. ಎತ್ತು ಗುದ್ದಿದ ಏಟಿಗೆ ವಿದ್ಯೆಯೂ ಉದುರಿಹೋಯಿತಾ ಎಂದ ಆ ಅಣ್ಣ.

ಕೆಂಪಣ್ಣ ಅವನನ್ನು ನೋಡಲಿಲ್ಲ. ಅಂಗಳದಾಚೆ ಸಸಿ ಕೀಳುತ್ತಿದ್ದ ದೊಡ್ಡಿಯ ಬೆನ್ನು ನೋಡಿದ. ಸಿದ್ದರಾಜುವಿನ ಎದೆಗೆ ಕಟ್ಟು ಹಾಕಿದ್ದ ಕೈಯಿಂದಲೇ ತೆಂಗಿನಕಾಯಿಯನ್ನು ವಾಪಸು ತಳ್ಳಿದ.

ದೊಡ್ಡಿ ಸಸಿ ಕೆಳಗಿಟ್ಟಳು. ಕೈಯ ಕೆಸರು ತೊಳೆದು ಜಗಲಿಗೆ ಬಂದು, ಒಳಗಿನಿಂದ ಕೆಂಪಣ್ಣನ ದಿಂಬು ತಂದು ಸಣ್ಣಸ್ವಾಮಿಯ ಎದೆಗೆ ಕೊಟ್ಟಳು.

"ಅಪ್ಕೊಂಡು ಕೆಮ್ಮಿ," ಎಂದಳು. "ನೋಯ್ತದೆ. ಆದ್ರೂ ಕೆಮ್ಮಿ. ಇವರು ಹೇಳಿದ ಹಂಗೆ ಕೇಳಿ."