ಕೆಟ್ಟದಾಗಿ ನುಡಿಸಿ ಎಂದವನು

ಅವನ ಮುಖಕ್ಕಿಂತ ಮೊದಲು ನನಗೆ ಗೊತ್ತಿದ್ದದ್ದು ಅವನ ದನಿ. ಕುಶಾಲನಗರದಲ್ಲಿ ಕರೆಂಟು ಹೋಗುವುದಿದ್ದರೆ, ನಲ್ಲಿಯಲ್ಲಿ ನೀರು ಬರುವುದಿಲ್ಲವಾದರೆ, ಆಟೋಗೆ ಮೈಕು ಕಟ್ಟಿಕೊಂಡು ಬೀದಿಬೀದಿ ಕೂಗುತ್ತಿದ್ದವನು ಅವನು. ಏರಿಳಿತವೇ ಇಲ್ಲದ ಒಣ ದನಿ. ಹೊಳೆ ಉಕ್ಕಿದ ವರ್ಷ ‘ಸುರಕ್ಷಿತ ಸ್ಥಳಗಳಿಗೆ ತೆರಳಿ’ ಎಂದು ಬೆಳಗ್ಗೆಯಿಂದ ಕೂಗಿದರೂ ನಮ್ಮ ಬೀದಿಯಲ್ಲಿ ಯಾರೂ ಏಳಲಿಲ್ಲ. ಮನೆ ಖಾಲಿ ಮಾಡಿಸಿ ಕದಿಯುವ ಉಪಾಯವಿದು ಎಂದು ನನ್ನ ಅತ್ತೆ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಅಡುಗೆಮನೆಗೆ ನೀರು ಬಂತು. ನಾವು ಅಕ್ಕಿ ಮೂಟೆ ಬಿಟ್ಟು ಹಾರ್ಮೋನಿಯಂ ಹೊತ್ತುಕೊಂಡು ಓಡಿದೆವು.

ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಸಂಜೆ ಅವನು ನಮ್ಮ ಮನೆಗೇ ಬಂದ. ತೆಳ್ಳನೆಯ ಆಳು, ಸೆಖೆಯಲ್ಲೂ ಕುತ್ತಿಗೆವರೆಗೆ ಗುಂಡಿ ಹಾಕಿದ ಅಂಗಿ. ಕೂರು ಎಂದರೆ ಕುರ್ಚಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ ಕೂತ.

“ಅಕ್ಕಾ, ನೀವು ಭಜನೆಗೆ ಹಾರ್ಮೋನಿಯಂ ಚೆನ್ನಾಗಿ ನುಡಿಸ್ತೀರಂತೆ.”

“ಏನೋ, ಬರುತ್ತೆ.”

“ಅದನ್ನೇ ಸ್ವಲ್ಪ ಕೆಟ್ಟದಾಗಿ ನುಡಿಸಿಕೊಡ್ತೀರಾ?”

ಅವನು ಬ್ಯಾಂಡ್ ಕಟ್ಟುತ್ತಿದ್ದ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಯಾರದೋ ಹಳೆಯ ವಿದೇಶಿ ಕ್ಯಾಸೆಟ್ಟುಗಳನ್ನು ಕೇಳಿ ತಲೆಗೆ ಹತ್ತಿಸಿಕೊಂಡಿದ್ದ ಸಂಗೀತವಂತೆ. ಪೋಸ್ಟ್-ಪಂಕ್ ಎಂದು ಹೆಸರು ಹೇಳಿದ. ಹಾಗೆಂದರೇನು ಎಂದು ಕೇಳಿದೆ. “ಪಂಕ್ ಅಂದ್ರೆ ಸಿಟ್ಟಲ್ಲಿ ಕಿರುಚೋದು ಅಕ್ಕಾ. ಇದು ಕಿರುಚಿ ಸುಸ್ತಾದ ಮೇಲೆ ಅನುಮಾನದಿಂದ ಸುತ್ತ ನೋಡೋದು.”

ಅವನು ಹೋದ ಮೇಲೆ ನನ್ನ ಗಂಡ, “ಅವನಿಗೆ ಬೇಕಾಗಿರೋದು ನೀನೂ ಅಲ್ಲ, ನಿನ್ ಪೆಟ್ಟಿಗೇನೂ ಅಲ್ಲ ಕಣೆ, ನಮ್ ಶೆಡ್ಡು” ಎಂದರು. ಶುಂಠಿ ತೊಳೆಯುವ ಶೆಡ್ ನಮ್ಮದು, ಊರ ಹೊರಗಿತ್ತು. ಗಂಡನ ಮಾತು ಪೂರ್ತಿ ಸುಳ್ಳಾಗಲಿಲ್ಲ. ಎರಡನೇ ಸಲ ಬಂದಾಗ ಶೆಡ್ ಕೇಳಿಯೇ ಬಿಟ್ಟ. ಆದರೂ ನಾನು ಒಪ್ಪಿದೆ. ವರ್ಷಗಟ್ಟಲೆ ಭಜನೆಗೆ ನುಡಿಸಿದ್ದೆ. ಹೀಗೆ ನುಡಿಸು, ಹಾಗೆ ನುಡಿಸು ಎಂದು ಯಾರೂ ನನಗೆ ಒಂದು ಮಾತು ಹೇಳಿದವರಲ್ಲ.

ಭಾನುವಾರ ಬೆಳಗ್ಗೆ ಅಭ್ಯಾಸ. ಗಿಟಾರಿಗೆ ಬಾಳೆಲೆ ಊರಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ಒಬ್ಬ ಎಸ್ಟೇಟ್ ರೈಟರ್, ಡ್ರಮ್ಮಿಗೆ ಮದುವೆ ಮನೆಗಳಲ್ಲಿ ಬಾರಿಸುವ ಒಬ್ಬ. ಬಂದ ಕೂಡಲೇ ನಮ್ಮ ಫೋನುಗಳನ್ನೆಲ್ಲ ಶುಂಠಿ ಕ್ರೇಟಿಗೆ ಹಾಕಿಸಿ ಹೊರಗಿಡುತ್ತಿದ್ದ. ಕಿಟಕಿಗೆ ಗೋಣಿ ಕಟ್ಟುತ್ತಿದ್ದ. ನಗಬಾರದು. ಮನೆಯಲ್ಲಿ ಅಭ್ಯಾಸ ಮಾಡಬಾರದು. ತಾನು ಮಾತ್ರ ಗೋಡೆಗೆ ಮುಖ ಮಾಡಿ ನಿಂತು ಆ ಒಣ ದನಿಯಲ್ಲಿ ‘ಸಾರ್ವಜನಿಕರ ಗಮನಕ್ಕೆ’ ಎಂದು ಶುರು ಮಾಡುತ್ತಿದ್ದ. ಅವನ ಹಾಡುಗಳೆಲ್ಲ ಹಾಗೇ, ಪ್ರಕಟಣೆಗಳು. ನಡುವೆ ಇದ್ದಕ್ಕಿದ್ದಂತೆ ನಿಲ್ಲಿಸಿ ಗಿಟಾರಿನವನ ಕಡೆ ತಿರುಗಿ, “ಮನೇಲಿ ಪ್ರಾಕ್ಟೀಸ್ ಮಾಡಿದ್ದೀಯಾ. ಗೊತ್ತಾಗುತ್ತೆ” ಎನ್ನುತ್ತಿದ್ದ. ಆ ಹುಡುಗ ಕಳ್ಳನಂತೆ ತಲೆ ತಗ್ಗಿಸುತ್ತಿದ್ದ.

ನನ್ನ ಗಂಡ ಕಾವಲಿಗೆಂದು ಮೂಲೆಯಲ್ಲಿ ಶುಂಠಿ ಆರಿಸುತ್ತಾ ಕೂತಿರುತ್ತಿದ್ದರು. ಒಮ್ಮೆ ರೋಸಿಹೋಗಿ, ಇವರೆಲ್ಲ ಎದ್ದು ಹೋಗಲಿ ಎಂದು ತೊಳೆಯುವ ಯಂತ್ರ ಹಾಕಿಬಿಟ್ಟರು. ದಡಬಡ ಸದ್ದು. ಅವನು ಗೋಡೆಯಿಂದ ತಿರುಗಿದ. ಅಷ್ಟು ದಿನದಲ್ಲಿ ಮೊದಲ ಸಲ ಅವನ ಮುಖ ಅರಳಿದ್ದು ಆಗ.

“ಅಣ್ಣಾ, ದಮ್ಮಯ್ಯ, ಆಫ್ ಮಾಡ್ಬೇಡಿ!”

ಅಂದಿನಿಂದ ಯಂತ್ರವೂ ಬ್ಯಾಂಡಿಗೆ ಸೇರಿತು. ಅದನ್ನು ಹಾಕಲು ಆರಿಸಲು ನನ್ನ ಗಂಡನೇ ಬೇಕಾಯಿತು.

ಒಂದು ದಿನ ಹಾಡಿನ ನಡುವೆ ಅವನು ಹೇಳಿದ: “ಒಳ್ಳೇವ್ರೇ, ಮಾತಾಡ್ದೇ ಇದ್ರೆ.” ನನ್ನ ಬೆರಳು ನಿಂತುಹೋಯಿತು. ಅದು ನಾನು ನನ್ನ ಗಂಡನ ಬಗ್ಗೆ ಪಕ್ಕದ ಮನೆಯವಳಿಗೆ ಕಾಂಪೌಂಡಿನ ಹತ್ತಿರ ಹೇಳಿದ್ದ ಮಾತು. ಗಂಡ ಅಲ್ಲೇ ತಲೆದೂಗುತ್ತಾ ಕೂತಿದ್ದರು. ಆಮೇಲೆ ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಆ ಮಾತು ನಿಂಗೆಲ್ಲಿ ಸಿಕ್ತು?”

“ಬೀದೀಲಿ ಸಿಕ್ತು ಅಕ್ಕಾ. ನಿಮ್ದಾ?”

“ನಂದಲ್ಲ” ಎಂದೆ.

ಆಟೋ ನಿಧಾನಕ್ಕೆ ಹೋಗುವಾಗ ಅವನು ಕೂಗುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತಲೂ ಇರುತ್ತಾನೆ ಎಂದು ಆಗ ಹೊಳೆಯಿತು. ಆಮೇಲೆ ಅವನೆದುರು ಅಳೆದು ತೂಗಿ ಮಾತಾಡತೊಡಗಿದೆ. ನಮ್ಮನ್ನೆಲ್ಲ ಆಡಿಕೊಳ್ಳುವುದಕ್ಕೇ ಈ ಸಂಗೀತವೋ ಏನೋ ಎಂಬ ಹುಳು ತಲೆಗೆ ಹೊಕ್ಕಿತು. ಆದರೆ ಭಾನುವಾರ ಬಂದರೆ ಮತ್ತೆ ಹೋಗುತ್ತಿದ್ದೆ.

ಮಳೆಗಾಲದಲ್ಲಿ ಪೊನ್ನಂಪೇಟೆಯ ಒಂದು ಕಾಲೇಜಿನ ಹಬ್ಬಕ್ಕೆ ಕರೆ ಬಂತು. ಯಂತ್ರವನ್ನೂ ಪಿಕಪ್‌ನಲ್ಲಿ ಹೇರಿಕೊಂಡು ಹೋದೆವು. ಅವನು ವೇದಿಕೆಯಲ್ಲೂ ಬೆನ್ನು ಹಾಕಿಯೇ ನಿಂತ. ಹುಡುಗರು ಮೊದಲು ಶಿಳ್ಳೆ ಹೊಡೆದರು, ಅಣಕಿಸಿದರು. ಮೂರನೇ ಹಾಡಿನ ಹೊತ್ತಿಗೆ ಸುಮ್ಮನಾದರು. ಕೊನೆಯ ಹಾಡಿಗೆ ಇದ್ದಕ್ಕಿದ್ದಂತೆ ಸಭೆಯತ್ತ ತಿರುಗಿದ.

“ಕಾವೇರಿ ನದಿಯಲ್ಲಿ ನೀರಿನ ಮಟ್ಟ ಏರುತ್ತಿದ್ದು, ತಗ್ಗು ಪ್ರದೇಶದ ನಿವಾಸಿಗಳು ಕೂಡಲೇ ಸುರಕ್ಷಿತ ಸ್ಥಳಗಳಿಗೆ ತೆರಳಬೇಕು.”

ಹೊರಗೆ ಮಳೆ ಹೊಯ್ಯುತ್ತಿತ್ತು. ಕುಶಾಲನಗರದ ಕಡೆಯ ಮಕ್ಕಳು ಎದ್ದು ಮನೆಗೆ ಫೋನ್ ಮಾಡತೊಡಗಿದರು. ಒಬ್ಬಳು ಅಳುತ್ತಿದ್ದಳು. ಯಾರೋ ಮೈಕಿನ ವೈರು ಕಿತ್ತರು. ಅವನು ಮೈಕಿಲ್ಲದೆ ಅದನ್ನೇ ಮತ್ತೆ ಹೇಳಿದ. ಆಗಂತೂ ಎಲ್ಲರೂ ಬಾಗಿಲಿಗೆ ನುಗ್ಗಿದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ನಮ್ಮನ್ನು ಪೊಲೀಸ್ ಠಾಣೆಗೆ ಕರೆಸಿದರು. “ತಮಾಷೆಗೆ ಹೇಳಿದ್ದಾ?” ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಸಾರ್.”

“ಹಾಗಾದ್ರೆ ನಿಜವಾಗ್ಲೂ ನೀರು ಬರ್ತಿತ್ತಾ?”

“ಇಲ್ಲ ಸಾರ್.”

“ಮತ್ತೇನಯ್ಯ ಅದು?”

“ಹಾಡು ಸಾರ್. ಆ ವರ್ಷ ಇದನ್ನೇ ಹೇಳಿದ್ದೆ, ಒಬ್ರೂ ನಂಬ್ಲಿಲ್ಲ. ಈಗ ನಂಬ್ತಾರಾ ಅಂತ ನೋಡ್ಬೇಕಿತ್ತು.”

ಅವರು ನನ್ನ ಕಡೆ ತಿರುಗಿದರು. “ನೀವು ಹೇಳೀಮ್ಮ, ಇದು ಹಾಡಾ?”

ನನಗೆ ಅತ್ತೆ ಬಾಗಿಲು ಹಾಕಿದ್ದು ನೆನಪಾಯಿತು. “ಹಾಡೇ ಸಾರ್. ನಾನೇ ಹಾರ್ಮೋನಿಯಂ ನುಡಿಸಿದ್ದು” ಎಂದೆ. ಎಚ್ಚರಿಕೆ ಕೊಟ್ಟು ಬಿಟ್ಟರು.

ಪಿಕಪ್ ಹತ್ತುವಾಗ ಅವನು ಉಪಕಾರ ಸ್ಮರಿಸಬಹುದು ಅಂದುಕೊಂಡಿದ್ದೆ. “ಅಷ್ಟು ಬೇಗ ಹೇಗೆ ಬಿಟ್ರು ಅಕ್ಕಾ? ಮೊದ್ಲೇ ಅವರ ಹತ್ರ ಮಾತಾಡಿದ್ರಾ?” ಎಂದು ಕೇಳಿದ.

ಇಂಥ ಮಾತು ನಾನು ಜನ್ಮದಲ್ಲಿ ಕೇಳಿರಲಿಲ್ಲ. ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಅದನ್ನೂ ಅವನು ತಪ್ಪೊಪ್ಪಿಗೆ ಎಂದೇ ತಿಳಿದನೇನೋ, ಮಾರನೇ ಭಾನುವಾರ ನನ್ನನ್ನು ಬ್ಯಾಂಡಿನಿಂದ ಬಿಡಿಸಿದ ಸುದ್ದಿ ಗಿಟಾರಿನವನ ಬಾಯಲ್ಲಿ ಬಂತು. ತಿಂಗಳು ಕಳೆಯುವುದರೊಳಗೆ ಗಿಟಾರಿನವನನ್ನೂ ಬಿಡಿಸಿದ.

ಕೂಗುವ ಕೆಲಸ ಹೋಯಿತು. ಈಗ ಆಟೋದಲ್ಲಿ ರೆಕಾರ್ಡ್ ಮಾಡಿದ ಯಾವುದೋ ಹೆಂಗಸಿನ ದನಿ ಬರುತ್ತದೆ. ಆದರೆ ಆ ದಿನದ ವಿಡಿಯೋ ಊರೂರು ಸುತ್ತಿತು. ಬೆಂಗಳೂರು, ಕೊಚ್ಚಿಗಳಲ್ಲಿ ಅವನ ಕಾರ್ಯಕ್ರಮಗಳಾದವು. ಪ್ರತಿ ಸಲ ಹೊಸ ಬ್ಯಾಂಡು, ಹೊಸ ಜಗಳ. ಅವನನ್ನು ಹುಡುಕಿಕೊಂಡು ಬಂದ ಕ್ಯಾಮೆರಾದವರಿಗೆ, ತಾನು ಅವನ ತಮ್ಮ, ಅವನು ಊರಲ್ಲಿಲ್ಲ ಎಂದು ಅವನೇ ಹೇಳಿ ಕಳಿಸಿದನಂತೆ.

ಕಳೆದ ಬೇಸಿಗೆಯಲ್ಲಿ ಬಾಳೆಲೆ ಕಡೆ ಮದುವೆಗೆ ಹೋದಾಗ, ಅವನು ಅಲ್ಲೇ ಒಂದು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇದ್ದಾನೆಂದು ಗೊತ್ತಾಯಿತು. ಹೋಗಿ ನೋಡೋಣ ಎಂದವರು ನನ್ನ ಗಂಡ. ಅವನ ತಲೆ ನೆರೆತಿತ್ತು. ಕರಿ ಕಾಫಿ ಕೊಟ್ಟ. “ನಾನಿಲ್ಲಿರೋದು ಯಾರು ಹೇಳಿದ್ರು?” ಎಂದು ಎರಡೆರಡು ಸಲ ಕೇಳಿದ. ಹೊಸ ಹಾಡು ಕೇಳಿಸಿದ. ಅದರಲ್ಲಿ ಮಾತೇ ಇಲ್ಲ, ಅವನ ಉಸಿರಾಟವಷ್ಟೇ. ನನಗೆ ಹಿಡಿಸಿತು, ಆದರೆ ಹೇಳಲಿಲ್ಲ. ಹೊಗಳಿದರೆ ಯಾಕೆ ಹೊಗಳಿದೆ ಎಂದು ಯೋಚಿಸುತ್ತಾ ಕೂರುವವನು.

ಹೊರಟಾಗ ಗೇಟಿನವರೆಗೆ ಬಂದ. ನಮ್ಮ ಕಾರು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದ. ಬೀಳ್ಕೊಡಲು ನಿಂತದ್ದು ಎಂದರು ನನ್ನ ಗಂಡ. ಹೋದರೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಎಂದೆ ನಾನು.