ವಾಚಿನ ಪಟ್ಟಿ ತೊಳೆದ ಮಧ್ಯಾಹ್ನ

ವೈನಿ, ಆ ದಿನ ಪೆಟ್ರೋಲ್ ತಂದವಳು ನಾನು. ಬಟ್ಟಲಿಗೆ ಸುರಿದವಳೂ ನಾನೇ. ಅಣ್ಣನ ಮುಂದೆ ನಿಂತು ನಾನು ಹೇಳಿದ್ದು ಸುಳ್ಳು. ಹನ್ನೊಂದು ವರ್ಷ ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನೀವು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ — ಆದರೆ ನಿಮ್ಮ ಮೌನವೂ ನನ್ನ ಮೌನವೂ ಒಂದೇ ಅಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಏಕೆಂದರೆ ಈ ಕಾಗದವನ್ನು ಮನೆಯವರೆಲ್ಲ ಓದಬೇಕು.

ಸವಣೂರಿನ ನಮ್ಮ ಮನೆ. ಮರುದಿನ ಖಂಡೆಪೂಜೆ, ಮನೆಯ ಆಯುಧ ಉಪಕರಣಗಳಿಗೆಲ್ಲ ಪೂಜೆ. ನವರಾತ್ರಿಗೆ ಹಾಕಿದ ದೀಪ ಒಂಬತ್ತು ದಿನ ಆರಬಾರದು, ಅದರ ಹತ್ತಿರ ಯಾರಾದರೂ ಕೂತಿರಲೇಬೇಕು. ಅವ್ವ ಓಣಿಯಲ್ಲಿ ಯಾರದೋ ಮನೆಗೆ ಉಡಿ ತುಂಬಲು ಹೋಗಿದ್ದಳು. ಅಣ್ಣ ಬೀಜದ ಅಂಗಡಿಯಲ್ಲಿ. ಆ ಮಧ್ಯಾಹ್ನ ದೀಪದ ಕಾವಲು ನಿಮ್ಮದು. ಕತ್ತರಿ, ಕುಡುಗೋಲು, ತಕ್ಕಡಿ ಎಲ್ಲ ಒರೆಸಿಟ್ಟು, ಕೊನೆಗೆ ಅಣ್ಣನ ವಾಚು ಕೈಗೆ ತೆಗೆದುಕೊಂಡಿರಿ. ನಿಮ್ಮ ಅಪ್ಪ ಮದುವೆಯಲ್ಲಿ ಅಳಿಯನಿಗೆ ಕಟ್ಟಿದ ಸ್ವಿಸ್ ವಾಚು. ಅವರು ತೀರಿಕೊಂಡು ಆಗಿನ್ನೂ ವರ್ಷವಾಗಿರಲಿಲ್ಲ. ಅದರ ಸ್ಟೀಲ್ ಪಟ್ಟಿಯ ಸಂದುಸಂದಿನಲ್ಲಿ ಅಣ್ಣನ ವಿಭೂತಿ ಬೆವರಿಗೆ ಸೇರಿ ಗಟ್ಟಿಯಾಗಿ ಕೂತಿತ್ತು.

ನೀವು ಸರಿಯಾಗಿಯೇ ಮಾಡುತ್ತಿದ್ದಿರಿ. ವಾಚಿಗೆ ಕೀಲಿ ಕೊಡುವ ಗುಂಡಿಯನ್ನು ಒಳಗೆ ಒತ್ತಿದ್ದಿರಿ. ಉಗುರುಬೆಚ್ಚನೆ ನೀರಿಗೆ ಒಂದು ಹನಿ ಸಾಬೂನು, ಮೆತ್ತನೆಯ ಬ್ರಷ್ಷು, ಪಕ್ಕದಲ್ಲಿ ಒಣ ಅರಿವೆ. ವಾಚು ರಿಪೇರಿಯವನು ಹೇಳಿಕೊಟ್ಟಿದ್ದೂ ಅಷ್ಟೇ. ನಾನು ಬಾಗಿಲಲ್ಲಿ ನಿಂತು ನಕ್ಕೆ.

"ಹಿಂಗ ತಿಕ್ಕಿದ್ರ ದೀಪಾವಳಿಗೆ ಮುಗೀತದ್ರಿ ವೈನಿ. ಪೆಟ್ರೋಲ್‌ದಾಗ ಅದ್ದಿದ್ರ ಒಂದ ನಿಮಿಷದ ಕೆಲಸ. ರಿಪೇರಿ ಅಂಗಡ್ಯಾಗ ನಾನ ನೋಡೇನಿ."

"ಹೂಂ ತಗೋರಿ, ಬಿ.ಎಸ್ಸಿ. ಬಾಯಾರು ಹೇಳಿದ ಮ್ಯಾಲ ಬ್ಯಾಡ ಅನ್ನಾಕ ನಾ ಎಷ್ಟರಾಕಿ!" ಎಂದು ನೀವೂ ನಕ್ಕಿರಿ.

ಆ ನಗು — ಅದಕ್ಕಾಗಿ ನಾನು ಎಷ್ಟು ಹಂಬಲಿಸಿದ್ದೇನೆ ಎಂದು ಹೇಳುವ ಹಕ್ಕು ನನಗಿಲ್ಲ. ಆದರೂ ಹಂಬಲಿಸಿದ್ದೇನೆ.

ಸ್ಕೂಟರಿನಿಂದ ಬಾಟಲಿಗೆ ಪೆಟ್ರೋಲ್ ಇಳಿಸಿ ತಂದೆ. ದೀಪ ಬಿಟ್ಟು ಏಳುವಂತಿರಲಿಲ್ಲವಲ್ಲ, ನೀವು ಕೂತಲ್ಲೇ ಬಟ್ಟಲು ಇಟ್ಟೆ. ದೀಪವೂ ನೆಲದ ಮೇಲೆ, ಬಟ್ಟಲೂ ನೆಲದ ಮೇಲೆ. ನಡುವೆ ಎರಡು ಮಾರು ಜಾಗ. ಅಷ್ಟು ಸಾಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೀವು ಸೆರಗು ಮೂಗಿಗೆ ಹಿಡಿದು ಕೇಳಿದಿರಿ: "ಗಿರಿಜಾ, ಕಿಟಕಿ ತೆಗೀಲೇನು? ವಾಸನಿ ತಡ್ಯಾಕ ಆಗವಲ್ದು."

ನಾನು ಹೇಳಿದೆ: "ಬ್ಯಾಡ್ರಿ! ಗಾಳಿಗೆ ದೀಪ ಆರಿದ್ರ ಅವ್ವ ನಮ್ಮಿಬ್ಬರನ್ನೂ ಬಿಡಾಂಗಿಲ್ಲ. ಐದ ನಿಮಿಷ ತಡೀರಿ."

ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲ ಹಿಡಿದು ತೆವಳುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಈಗ ಹಾನಗಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಆ ಸಾಲು ಬರೆಯುವಾಗ ಆ ಮಧ್ಯಾಹ್ನವೇ ಕಣ್ಣೆದುರು ಬರುತ್ತದೆ. ದೀಪದ ಕಡೆಯಿಂದ ಒಂದು ನೀಲಿ ಗೆರೆ ನೆಲದ ಮೇಲೆ ಓಡಿ ಬರುತ್ತದೆ, ಭುಗ್ ಎಂಬ ಸದ್ದು, ಬಟ್ಟಲಿನ ಮೇಲೆ ನಿಮ್ಮ ಬಲಗೈ — ಆ ಕೈ ವಾಚನ್ನು ಬಿಡುವುದಿಲ್ಲ. ಬಿಟ್ಟಿದ್ದರೆ ಬೆರಳು ಉಳಿಯುತ್ತಿದ್ದವೇನೋ. ಅಪ್ಪನ ವಾಚು ಅದು, ನೀವು ಹೇಗೆ ಬಿಡುತ್ತೀರಿ...

ಗಿರಿಜಾ ಓಡಿ ಬಂದು ಜಮಖಾನೆ ಹೊದಿಸಿ ಜೀವ ಉಳಿಸಿದಳು ಎಂದು ಓಣಿಯೆಲ್ಲ ಹೇಳಿತು. ನಾನು ಓಡಲಿಲ್ಲ, ವೈನಿ. ಮೊದಲು ನಿಂತೆ. ನಿಮ್ಮ ಸೆರಗಿಗೆ ಬೆಂಕಿ ಏರುವುದನ್ನು ನೋಡುತ್ತ ನಿಂತೆ. ಎಷ್ಟು ಹೊತ್ತು ಎಂದು ಲೆಕ್ಕ ಹಾಕಲು ಇವತ್ತಿಗೂ ಧೈರ್ಯವಿಲ್ಲ. ಆಮೇಲೆ ನಾನು ಎಸೆದ ಜಮಖಾನೆಯ ಗಾಳಿಗೇ ದೀಪ ಆರಿತು.

ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ನಿಂತು ಅಣ್ಣ ಕೇಳಿದ: "ಪೆಟ್ರೋಲ್ ಎಲ್ಲಿಂದ ಬಂತು?" ಅಷ್ಟರಲ್ಲಿ ನನ್ನನ್ನು ಹೊಗಳುವವರು ಸುತ್ತ ನಿಂತಿದ್ದರು. "ನನಗ ಗೊತ್ತಿಲ್ಲಣ್ಣಾ. ನಾ ಬರೂದ್ರಾಗ ಹೊತ್ತಿತ್ತು."

ನೀವು ಮಂಚದ ಮೇಲಿಂದ ನನ್ನ ಕಡೆ ನೋಡಿದಿರಿ. ಕೋಪ ಇರಲಿಲ್ಲ. ನಾನು ಯಾರು ಎಂದು ನೆನಪು ಮಾಡಿಕೊಳ್ಳುವವರ ಹಾಗೆ ನೋಡಿದಿರಿ. ಆಮೇಲೆ ಅಣ್ಣನಿಗೆ ಹೇಳಿದಿರಿ: "ನಾನ ತಂದಿದ್ದೆ ರೀ."

ಎರಡು ಬೆರಳು ಮತ್ತೆ ಮಡಚಲಿಲ್ಲ. ಅವ್ವ ಅದಕ್ಕಿಂತ ದೊಡ್ಡ ಶಿಕ್ಷೆ ಕೊಟ್ಟಳು. "ಹಾಕಿದ ದೀಪ ಆರಿಸಿದ ಕೈ ಅದು" ಎಂದು ನಿಮ್ಮನ್ನು ದೇವರ ಮನೆಯ ಹೊಸ್ತಿಲ ಹೊರಗೆ ನಿಲ್ಲಿಸಿದಳು. ಮುಂದಿನ ನವರಾತ್ರಿಯಲ್ಲಿ ಎಣ್ಣೆಯ ಗಿಂಡಿಯನ್ನು ನಿಮ್ಮ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಇಸಕೊಂಡೆ. ಎಣ್ಣೆ ಹಾಕಿದೆ. ನೀವು ಹೊರಗೆ ನಿಂತು ಕೈ ಮುಗಿದಿರಿ.

ಆಮೇಲೆ ಅಣ್ಣ ನಿಮ್ಮ ತವರು ಹಿರೇಕೆರೂರಿಗೆ ಸಂಸಾರ ಸಾಗಿಸಿ ಅಲ್ಲೇ ಅಂಗಡಿ ಹಾಕಿದ. ಅಂದಿನಿಂದ ಹಬ್ಬಕ್ಕೆ ಅವನು ಮಕ್ಕಳನ್ನು ಕರೆದುಕೊಂಡು ಸವಣೂರಿಗೆ ಬರುತ್ತಾನೆ, ನೀವು ಬರುವುದಿಲ್ಲ. ಪ್ರತಿ ಸಲ ಮಕ್ಕಳು ಇಳಿದ ಮೇಲೂ ನಾನು ಬಸ್ಸಿನ ಬಾಗಿಲ ಕಡೆ ನೋಡುತ್ತಿರುತ್ತೇನೆ — ಇನ್ನೊಬ್ಬರು ಇಳಿಯಬಹುದೆಂದು.

ನಿನ್ನೆ ಸವಣೂರಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಆಕಿ ಯಾಕ ಬಾಯಿ ಬಿಡಲಿಲ್ಲ?"

"ನನ್ನ ಸಲುವಾಗಿ, ಅವ್ವಾ."

"ನಿನ್ನ ಸಲುವಾಗಿ ಆಕಿ ಸುಮ್ಮನಿದ್ಲು. ನೀ ಯಾರ ಸಲುವಾಗಿ ಸುಮ್ಮನಿದ್ದಿ?"

ಅವ್ವ ಎದ್ದು ಒಳಗೆ ಹೋದಳು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ರವಿವಾರ ಹಿರೇಕೆರೂರಿಗೆ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ಅಣ್ಣನನ್ನೂ ಮಕ್ಕಳನ್ನೂ ಹೊರಗೆ ಕರೆಯಿರಿ, ಅವರೆದುರಿಗೆ ಹೇಳಿ ಹೋಗುತ್ತೇನೆ. ನೀವೂ ಅಲ್ಲಿ ನಿಲ್ಲಿ, ವೈನಿ. ಈ ಸಲ ನನ್ನ ತಪ್ಪನ್ನು ನೀವು ಹೊತ್ತುಕೊಳ್ಳಬೇಡಿ.